ಲಾಭ, ಎರಡು, ಮೂರು

ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ
ನಾನು ಎಣಿಸುವವನು.
ಎರಡು ಕೈಗೆ ನಾಲ್ಕು ಕಾಯಿ, ಎಸೆದರೆ ಲಾರಿಯೊಳಗೆ,
ಬಾಯಲ್ಲಿ ಲಾಭ, ಎರಡು, ಮೂರು.
ಒಂದು ಎನ್ನುವುದಿಲ್ಲ ನಾವು. ಮೊದಲನೆಯದು ಯಾವತ್ತೂ ಲಾಭ.

ಇಪ್ಪತ್ತಾರು ವರ್ಷ ಲೆಕ್ಕ ತಪ್ಪಿರಲಿಲ್ಲ.
ಹೋದ ಮಾಗಿಯಿಂದ ಮಾತ್ರ
ಬೆಳಗೆದ್ದು ರೆಪ್ಪೆ ಬಿಡಿಸಲು ಬೆರಳು ಬೇಕು,
ಅಂಚಿಗೆ ಮರಳು ಸುರಿದ ಹಾಗೆ ಉರಿ,
ಉಜ್ಜಿದರೆ ಸುಖ, ಬಿಟ್ಟರೆ ಮತ್ತೆ ನವೆ.
ಒಂದು ದಿನ ನಲವತ್ತರಿಂದ ನಲವತ್ತೆರಡಕ್ಕೆ ಹಾರಿದೆ.
ದಿಲ್ಲಿ ಲಾರಿಯ ಡ್ರೈವರ್ ನಕ್ಕ.

ಮದ್ದು ಎಲ್ಲರ ಬಳಿಯೂ ಇತ್ತು.
ಅತ್ತಿಗೆ ನಂದಿಬಟ್ಟಲ ಹೂವು ನೆನೆಸಿಟ್ಟರು,
ಹಮಾಲಿ ಜವರ "ಧೂಳು ಕಣಣ್ಣ" ಎಂದ,
ಮೆಡಿಕಲ್ ಸ್ಟೋರಿನವನು ಕೊಟ್ಟ ಹನಿಗೆ
ನಾಲ್ಕು ದಿನ ಕಣ್ಣು ಹಾಲಿನ ಹಾಗೆ,
ಐದನೆಯ ದಿನ ದಾಸವಾಳ.

ಹೆಂಡತಿ ದೇವೀರಮ್ಮ ಏನೂ ಅನ್ನಲಿಲ್ಲ.
ಅವಳೂ ಸೆರಗಿನ ತುದಿಯಿಂದ ಕಣ್ಣೊತ್ತಿಕೊಳ್ಳುತ್ತಿದ್ದಳು.
ನಾನದನ್ನು ಈರುಳ್ಳಿಯ ಲೆಕ್ಕಕ್ಕೆ ಬರೆದಿದ್ದೆ.

ಮಂಡ್ಯದ ನೂರಡಿ ರಸ್ತೆಯಲ್ಲಿ ಡಾಕ್ಟರ್ ಅಫ್ರೀನಾ
ಗದ್ದ ಇಡುವ ತಟ್ಟೆ ತೋರಿಸಿದರು.
"ಕೆಳಗೆ ನೋಡಿ. ಮುಚ್ಚಬೇಡಿ, ಕೆಳಗೆ."
ಎಲ್ಲರೂ ಕಣ್ಣಿನೊಳಗೆ ಹಣಕಿದ್ದರು, ಇವರು ಅಂಚು ನೋಡಿದರು.
"ಒಂದೊಂದು ಕೂದಲ ಬುಡಕ್ಕೂ ಕಾಲುಂಗುರ ತೊಡಿಸಿದಂತಿದೆ."

ಚಿಮುಟದಲ್ಲಿ ಒಂದನ್ನು ಮೆಲ್ಲಗೆ ತಿರುಗಿಸಿ ಕಿತ್ತರು,
ಇರುವೆ ಕಚ್ಚಿದಷ್ಟು ನೋವು.
ಗಾಜಿನ ಪಟ್ಟಿ, ಎಣ್ಣೆಯ ಹನಿ, ಸೂಕ್ಷ್ಮದರ್ಶಕ.
"ಬನ್ನಿ, ನೀವೇ ನೋಡಿ."

ಬೆಳಕಿನ ಬಟ್ಟಲಲ್ಲಿ
ಒಣ ಸೋಗೆಯ ದಂಟಿನಂಥ ನನ್ನ ರೆಪ್ಪೆಗೂದಲು.
ಬುಡದಲ್ಲಿ ಗಾಜಿನ ಮೂಲಂಗಿಗಳು,
ಎಂಟು ಮೋಟುಗಾಲು, ಎಲ್ಲವೂ ಕುತ್ತಿಗೆಯ ಬಳಿಯೇ,
ಅವಸರವಿಲ್ಲದೆ ಆಡಿಸುತ್ತ.

"ನುಸಿ," ಎಂದರು.

ನುಸಿ ನನಗೆ ಗೊತ್ತು.
ತೊಟ್ಟಿನಡಿ ಅಡಗಿ ಎಳೆಗಾಯಿಯ ರಸ ಹೀರಿ
ತೋಟಕ್ಕೆ ತೋಟವೇ ಕಂದು ಬಿರುಕಿನ ಕಾಯಿ ಬಿಟ್ಟ ವರ್ಷ
ನೂರಕ್ಕೆ ನಲವತ್ತು ಪಕ್ಕಕ್ಕೆ ಉರುಳಿಸಿದವನು ನಾನೇ.
"ತೆಂಗಿಂದ ಇಳ್ದು ಬಂತಾ ಮೇಡಂ?"

"ಅದು ಬೇರೆ ಸಂಸಾರ. ಇದು ಮನುಷ್ಯರದ್ದೇ.
ವಯಸ್ಸಾದಂತೆ ಒಂದೆರಡು ಎಲ್ಲರಲ್ಲೂ ಇರುತ್ತವೆ.
ಹಗಲೆಲ್ಲ ಬುಡದೊಳಗೆ ತಲೆಕೆಳಗು,
ದೀಪ ಆರಿದ ಮೇಲೆ ಹೊರಗೆ ಬಂದು ಮದುವೆ, ಓಡಾಟ.
ಹೆಚ್ಚಾದರೆ ರೆಪ್ಪೆ ಊದುತ್ತದೆ.
ದಿಂಬಿನಲ್ಲಿ ಜೊತೆಗೆ ಯಾರು?"

ಐವತ್ತೆಂಟರ ಗಂಡಸಿಗೆ ಕೇಳುವ ಪ್ರಶ್ನೆಯೆ?
ಬೆಂಚಿನ ಮೇಲಿದ್ದ ದೇವೀರಮ್ಮನನ್ನೂ ಕರೆದರು.
ಅವಳ ಕೂದಲಲ್ಲಿ ಐದು. ನನ್ನದರಲ್ಲಿ ಏಳು.
"ನಿಮ್ದೇ ಜಾಸ್ತಿ," ಎಂದಳು ಮೆಟ್ಟಿಲಿಳಿಯುವಾಗ.

ರಾತ್ರಿ ಒಂಬತ್ತಕ್ಕೆ ಬಿಸಿನೀರ ಬಟ್ಟೆ
ಮುಚ್ಚಿದ ರೆಪ್ಪೆಯ ಮೇಲೆ, ಆರಿದರೆ ಮತ್ತೆ ಅದ್ದಿ.
ಆಮೇಲೆ ಟೀ ಟ್ರೀ ಎಣ್ಣೆಯ ಒರೆಸುವ ತುಂಡು
ಕೂದಲ ಸಾಲಿನುದ್ದಕ್ಕೂ, ಕಣ್ಣೊಳಗೆ ಹೋಗದ ಹಾಗೆ.
ಟೀ ಗಿಡದ್ದಲ್ಲವಂತೆ ಅದು, ವಾಸನೆ ನೀಲಗಿರಿಯ ತಮ್ಮನದು.
ದಿಂಬಿನ ಚೀಲ ಕುದಿನೀರಿಗೆ.
ಕಾಡಿಗೆ ತಿಪ್ಪೆಗೆ. ತವರಿನ ಹಿತ್ತಾಳೆ ಡಬ್ಬಿಯನ್ನು ಮಾತ್ರ
ಬೂದಿ ಹಾಕಿ ತಿಕ್ಕಿ, ಖಾಲಿ ಇಟ್ಟುಕೊಂಡಳು.
ಆರು ವಾರ, ಒಂದು ರಾತ್ರಿಯೂ ಬಿಡದೆ.

ಕಣ್ಣು ಮುಚ್ಚಿಕೊಂಡು ತನ್ನ ಕಣ್ಣು ತಾನೇ ಒರೆಸುವುದು ಹೇಗೆ?
ಅವಳು ನನ್ನದು, ನಾನು ಅವಳದು.
ಅಷ್ಟು ಹತ್ತಿರದಿಂದ ಆ ಮುಖ ನೋಡಿ
ಎಷ್ಟು ವರ್ಷವಾಗಿತ್ತೊ, ಆ ಲೆಕ್ಕ ನಾನಿಟ್ಟಿಲ್ಲ.
ಎಡ ಹುಬ್ಬಿನ ಕೆಳಗೊಂದು ಮಚ್ಚೆ.
ಮೊದಲೇ ಇತ್ತಾ, ಕೇಳಿದೆ.
"ಹುಟ್ದಾಗಿಂದ," ಎಂದಳು. "ಉಸಿರು ಬಿಡಬ್ಯಾಡಿ, ಉರೀತದೆ."

ಆರನೆಯ ವಾರ ಮತ್ತೆ ಗದ್ದ ಇಟ್ಟೆ.
ಅಂಚಿನ ಕೆಂಪು ಇಳಿದಿತ್ತು, ಕಾಲುಂಗುರ ಕಳಚಿತ್ತು.
ಒಂದು ಕೂದಲು, ಒಂದು ಹನಿ.
ಡಾಕ್ಟರು ಮಸೂರಕ್ಕೆ ಬಗ್ಗಿ ಬಹಳ ಹೊತ್ತು ಇದ್ದರು.
"ಒಂದು," ಎಂದರು.

"ಲಾಭ," ಎಂದುಬಿಟ್ಟೆ, ಬಾಯ ಅಭ್ಯಾಸ.

ಬಾಗಿಲಾಚೆ ದೇವೀರಮ್ಮ
ಸೆರಗನ್ನು ಬಾಯಿಗೊತ್ತಿ ನಗುತ್ತಿದ್ದಳು.
ಡಾಕ್ಟರಿಗೆ ತಿಳಿಯಲಿಲ್ಲ.
ಪಟ್ಟಿಯನ್ನು ಆಚೀಚೆ ಸರಿಸಿ
ಎರಡಕ್ಕಾಗಿ ಹುಡುಕುತ್ತಲೇ ಇದ್ದರು.